ಫುಕೆಟ್‌ನ ಆಚೆ ದಂಡೆಯ ಹಳೆಯ ರಾಜಧಾನಿ: ನಖೋನ್ ಸಿ ತಮ್ಮರಾತ್

2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ಭಾರತೀಯರಿಗೆ ವೀಸಾ ಇಲ್ಲದೆ ಬರಲು ಬಿಟ್ಟ ಮೇಲೆ ಆ ದೇಶದ ಊರುಗಳ ಹೆಸರು ನಮ್ಮಲ್ಲಿ ಮನೆಮಾತಾಗಿವೆ. ಹೊಸದಾಗಿ ಮದುವೆಯಾದವರು ಫುಕೆಟ್‌ಗೆ ಹೋಗುತ್ತಾರೆ, ಆಫೀಸಿನ ಗೆಳೆಯರ ಗುಂಪು ಪಟ್ಟಾಯಕ್ಕೆ, ಮಕ್ಕಳಿರುವವರು ಕ್ರಾಬಿಗೆ. ಒಂದು ಸಲ ಹೋಗಿ ಬಂದವರು ಎರಡನೇ ಸಲ ಹೊರಟಾಗ ಕೇಳುವ ಪ್ರಶ್ನೆ ಮಾತ್ರ ಒಂದೇ: ಬೀಚು, ಬೋಟು, ಮಸಾಜು ಬಿಟ್ಟರೆ ಅಲ್ಲಿ ಇನ್ನೇನಿದೆ?

ಆ ಪ್ರಶ್ನೆಗೆ ದಕ್ಷಿಣ ಥಾಯ್ಲೆಂಡಿನಲ್ಲಿ ಸಿಗುವ ಒಳ್ಳೆಯ ಉತ್ತರ ನಖೋನ್ ಸಿ ತಮ್ಮರಾತ್ ಎಂಬ ಕರಾವಳಿ ಪ್ರಾಂತ. ಫುಕೆಟ್ ಇನ್ನೂ ತವರದ ಗಣಿಗಳ ದ್ವೀಪವಾಗಿದ್ದ ಕಾಲಕ್ಕಿಂತ ಎಷ್ಟೋ ಮೊದಲೇ ಇದು ರಾಜಧಾನಿ. ಚೀನಾದ ದಾಖಲೆಗಳಲ್ಲಿ, ತಂಜಾವೂರಿನ ಶಾಸನದಲ್ಲಿ, ಶ್ರೀಲಂಕಾದ ಪಾಳಿ ಚರಿತ್ರೆಯಲ್ಲಿ ಈ ರಾಜ್ಯದ ಮಾತು ಬರುತ್ತದೆ. ಇಷ್ಟಿದ್ದೂ ಟೂರ್ ಪ್ಯಾಕೇಜುಗಳಲ್ಲಿ ಇದರ ಸುಳಿವಿಲ್ಲ. ಅಷ್ಟು ದೊಡ್ಡ ಊರು ಹೇಗೆ ಬೆಳೆಯಿತು, ಆಮೇಲೆ ಹೇಗೆ ಬದಿಗೆ ಸರಿಯಿತು, ಈಗ ಹೋದರೆ ಏನು ಕಾಣುತ್ತದೆ ಎಂಬುದನ್ನು ಬುಡದಿಂದ ನೋಡೋಣ. ಹೆಸರು ಉದ್ದವಾದ್ದರಿಂದ ಇನ್ನು ಮುಂದೆ ನಖೋನ್ ಎಂದೇ ಕರೆಯುತ್ತೇನೆ.

ಮೊದಲು ನಕ್ಷೆ

ಥಾಯ್ಲೆಂಡಿನಲ್ಲಿ ಬ್ಯಾಂಕಾಕ್ ಬಿಟ್ಟು 76 ಪ್ರಾಂತಗಳಿವೆ. ಅವಕ್ಕೆ ಥಾಯ್ ಭಾಷೆಯಲ್ಲಿ ಚಾಂಗ್‌ವಾತ್ ಎನ್ನುತ್ತಾರೆ. ಪ್ರಾಂತ ಎಂದ ಕೂಡಲೇ ನಮ್ಮ ರಾಜ್ಯದಂಥದ್ದನ್ನು ಊಹಿಸಿಕೊಳ್ಳಬಾರದು. ಅದಕ್ಕೆ ವಿಧಾನಸಭೆ ಇಲ್ಲ, ಮುಖ್ಯಮಂತ್ರಿ ಇಲ್ಲ. ಗೃಹ ಸಚಿವಾಲಯ ನೇಮಿಸಿದ ಗವರ್ನರ್ ಒಬ್ಬರು ಆಡಳಿತ ನಡೆಸುತ್ತಾರೆ, ಹೆಚ್ಚುಕಡಿಮೆ ನಮ್ಮ ಜಿಲ್ಲಾಧಿಕಾರಿಯ ಹಾಗೆ. ಪ್ರಾಂತದ ಕೆಳಗೆ ತಾಲ್ಲೂಕಿನಂಥ ಅಂಫೋಗಳು. ನಖೋನ್‌ನಲ್ಲಿ ಅಂಥವು 23.

ಗಾತ್ರ ಅಂದಾಜಾಗಬೇಕಾದರೆ ಉತ್ತರ ಕನ್ನಡ ಜಿಲ್ಲೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ನಖೋನ್‌ನ ವಿಸ್ತೀರ್ಣ ಸುಮಾರು 9,940 ಚದರ ಕಿ.ಮೀ., ಜನ ಸುಮಾರು 15 ಲಕ್ಷ. ಉತ್ತರ ಕನ್ನಡವೂ 10,000 ಚದರ ಕಿ.ಮೀ.ಗೆ ತುಸು ಹೆಚ್ಚು, 2011ರ ಗಣತಿಯಲ್ಲಿ ಜನಸಂಖ್ಯೆ 14 ಲಕ್ಷ ದಾಟಿತ್ತು. ಅಲ್ಲೂ ಒಂದು ಬದಿಗೆ ಕಡಲು, ಒಂದು ಬದಿಗೆ ಕಾಡುಬೆಟ್ಟ, ನಡುವೆ ಗದ್ದೆ ಮತ್ತು ತೋಟ. ಆದರೆ ದಿಕ್ಕು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು: ಬೆಟ್ಟ ಪಶ್ಚಿಮಕ್ಕೆ, ಕಡಲು ಪೂರ್ವಕ್ಕೆ. ಆ ಕಡಲಿನ ಹೆಸರು ಥಾಯ್ಲೆಂಡ್ ಕೊಲ್ಲಿ. ಬೆಟ್ಟಸಾಲಿನ ತುದಿ ಖಾವೊ ಲುವಾಂಗ್, 1,800 ಮೀಟರ್ ಆಸುಪಾಸಿನದು, ಇಡೀ ದಕ್ಷಿಣ ಥಾಯ್ಲೆಂಡಿನಲ್ಲೇ ಎತ್ತರದ ಶಿಖರ.

ದಿಕ್ಕಿನ ಈ ವ್ಯತ್ಯಾಸ ಸಣ್ಣದಲ್ಲ. ಇಲ್ಲಿಯ ವ್ಯಾಪಾರ, ಮಳೆ, ದುರಂತ, ಪ್ರವಾಸದ ಸಮಯ ಎಲ್ಲಕ್ಕೂ ಅದೇ ಬೀಗದಕೈ.

ಗಾಳಿ ಬದಲಾಗುವವರೆಗೆ ಕಾಯುವ ಜಾಗ

ಭಾರತ ಮತ್ತು ಚೀನಾದ ನಡುವೆ ಕಡಲ ವ್ಯಾಪಾರ ಮಾಡುವವನಿಗೆ ಮಲಯ ಪರ್ಯಾಯದ್ವೀಪ ಅಡ್ಡಗೋಡೆ. ಉದ್ದ ವಿಪರೀತ, ಅಗಲ ಕಡಿಮೆ. ದಕ್ಷಿಣಕ್ಕೆ ಇಳಿದು ಮಲಾಕಾ ಜಲಸಂಧಿಯ ಮೂಲಕ ಸುತ್ತಿ ಬರಬಹುದು, ಆದರೆ ಅಲ್ಲಿ ಗಾಳಿ ಸತ್ತು ಹಡಗು ನಿಂತುಬಿಡುತ್ತಿತ್ತು, ಕಡಲ್ಗಳ್ಳರ ಕಾಟವೂ ಇತ್ತು. ಇನ್ನೊಂದು ದಾರಿ, ಪಶ್ಚಿಮ ದಂಡೆಯಲ್ಲಿ ಸರಕು ಇಳಿಸಿ, ನದಿ ಮತ್ತು ಕಣಿವೆಗಳ ಮೂಲಕ ಹೊತ್ತು ತಂದು ಪೂರ್ವ ದಂಡೆಯಲ್ಲಿ ಬೇರೆ ಹಡಗಿಗೆ ತುಂಬುವುದು. ಕ್ರಾಬಿ, ತ್ರಾಂಗ್ ಕಡೆಯಿಂದ ಹೊರಟ ಅಂಥ ಹಾದಿಗಳು ನಖೋನ್ ಕಡೆಗೆ ಬರುತ್ತಿದ್ದವು.

ಇದು ಊಹೆಯ ಮಾತಷ್ಟೇ ಅಲ್ಲ. ಕ್ರಾಬಿ ಪ್ರಾಂತದ ಖ್ಲೋಂಗ್ ತೋಮ್ ಎಂಬಲ್ಲಿ ತಮಿಳು-ಬ್ರಾಹ್ಮಿ ಅಕ್ಷರ ಕೊರೆದ ಪುಟ್ಟ ಒರೆಗಲ್ಲು ಸಿಕ್ಕಿದೆ. ಪೆರುಂಪತ್ತನ್ ಎಂಬ ಅಕ್ಕಸಾಲಿಗನ ಕಲ್ಲು ಎಂದು ಅದರ ಮೇಲೆ ಬರೆದಿದೆ, ಕಾಲ ಕ್ರಿ.ಶ. 3–4ನೇ ಶತಮಾನ. ಚಿನ್ನ ಒರೆ ಹಚ್ಚುವ ಕಲ್ಲನ್ನು ಜೊತೆಗಿಟ್ಟುಕೊಂಡವನು ಅಲ್ಲಿ ಕೆಲಸ ಮಾಡುವ ಲೆಕ್ಕದಲ್ಲೇ ಬಂದಿರಬೇಕು.

ಇನ್ನು ಗಾಳಿ. ನೈಋತ್ಯ ಮಾರುತ ಬೀಸುವಾಗ ಭಾರತದ ಹಡಗುಗಳು ಬಂಗಾಳ ಕೊಲ್ಲಿಯನ್ನು ಪೂರ್ವಕ್ಕೆ ದಾಟುತ್ತಿದ್ದವು. ಚೀನಾದ ಹಡಗುಗಳು ದಕ್ಷಿಣಕ್ಕೆ ಬರಬೇಕಾದರೆ ಈಶಾನ್ಯ ಮಾರುತ ಬೇಕು. ಎರಡೂ ಒಟ್ಟಿಗೆ ಬೀಸುವುದಿಲ್ಲ. ಹೀಗಾಗಿ ಎರಡೂ ಕಡೆಯ ವ್ಯಾಪಾರಿಗಳು ಗಾಳಿ ತಿರುಗುವವರೆಗೆ ನಡುವೆ ಎಲ್ಲಾದರೂ ತಿಂಗಳುಗಟ್ಟಲೆ ತಂಗಬೇಕಿತ್ತು. ತಂಗಿದವರಿಗೆ ಅಕ್ಕಿ ಬೇಕು, ಸಿಹಿನೀರು ಬೇಕು, ಪೂಜೆಗೊಂದು ಗುಡಿ ಬೇಕು, ತಕರಾರು ಬಗೆಹರಿಸಲು ಒಬ್ಬ ಅರಸ ಬೇಕು. ನಖೋನ್‌ನಲ್ಲಿ ಈ ನಾಲ್ಕೂ ಇದ್ದವು.

ಸಿಹಿನೀರಿನ ಗುಟ್ಟು ಊರಿನ ಆಕಾರದಲ್ಲಿದೆ. ಕಡಲು ಹಿಂದೆ ಸರಿದಾಗ ಉಳಿದ ಉದ್ದನೆಯ ಮರಳುದಿಬ್ಬದ ಮೇಲೆ ಹಳೆಯ ಪಟ್ಟಣ ಕೂತಿದೆ. ಸ್ಥಳೀಯರು ಇದನ್ನು ಹಾತ್ ಸಾಯ್ ಕೇವ್, ಅಂದರೆ ಹರಳು ಮರಳಿನ ದಂಡೆ ಎನ್ನುತ್ತಾರೆ. ಸುತ್ತಲ ತಗ್ಗು ನೆಲದಲ್ಲಿ ನೀರು ನಿಂತು ಭತ್ತ ಬೆಳೆಯುತ್ತದೆ, ದಿಬ್ಬ ಮುಳುಗುವುದಿಲ್ಲ, ಅದರ ಮರಳಿನಡಿ ಮಳೆನೀರು ಸಿಹಿಯಾಗೇ ಉಳಿಯುತ್ತದೆ. ಇವತ್ತಿಗೂ ಪೇಟೆ ಉತ್ತರ–ದಕ್ಷಿಣವಾಗಿ ಹಗ್ಗದಂತೆ ಉದ್ದಕ್ಕೆ ಚಾಚಿಕೊಂಡಿದೆ. ರಾಚದಮ್ನೋನ್ ರಸ್ತೆ ಒಂದನ್ನು ಹಿಡಿದರೆ ಮುಖ್ಯವಾದದ್ದೆಲ್ಲ ಅದರ ಅಕ್ಕಪಕ್ಕದಲ್ಲೇ ಸಿಗುತ್ತದೆ. ದಾರಿ ತಪ್ಪುವುದು ಕಷ್ಟ.

ತಾಂಬ್ರಲಿಂಗ ಮತ್ತು ಲಂಕೆಗೆ ದಂಡೆತ್ತಿ ಹೋದ ಅರಸ

ಈ ಭಾಗದ ಹಳೆಯ ರಾಜ್ಯದ ಹೆಸರು ತಾಂಬ್ರಲಿಂಗ. ರಾಜೇಂದ್ರ ಚೋಳ 1025ರ ಸುಮಾರಿಗೆ ಆಗ್ನೇಯ ಏಷ್ಯಾಕ್ಕೆ ನೌಕಾದಳ ಕಳಿಸಿದ್ದು ನಮಗೆ ಶಾಲೆಯ ಪಾಠದಿಂದ ಗೊತ್ತು. ತಂಜಾವೂರಿನ ಶಾಸನ ಆಗ ಗೆದ್ದ ಊರುಗಳನ್ನು ಪಟ್ಟಿ ಮಾಡುವಾಗ ಮಾದಮಾಲಿಂಗಂ ಎಂಬುದನ್ನೂ ಹೇಳುತ್ತದೆ. ಅದು ಇದೇ ತಾಂಬ್ರಲಿಂಗ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಆಗ ಇಲ್ಲಿ ಶೈವ, ವೈಷ್ಣವ, ಮಹಾಯಾನ ಬೌದ್ಧ ಮೂರೂ ಇದ್ದವು. ಪ್ರಾಂತದ ಉತ್ತರಕ್ಕಿರುವ ಸಿಚೋನ್ ಮತ್ತು ತಾ ಸಾಲಾ ತಾಲ್ಲೂಕುಗಳಲ್ಲಿ ಶಿವಾಲಯಗಳ ಅವಶೇಷಗಳು ಹೇರಳವಾಗಿ ಸಿಕ್ಕಿವೆ. ಸಿಚೋನ್‌ನ ಖಾವೊ ಖಾ ಗುಡ್ಡದ ಮೇಲಿನ ಇಟ್ಟಿಗೆಯ ಅಡಿಪಾಯಗಳು, ಲಿಂಗ, ಅಭಿಷೇಕದ ನೀರು ಹೊರಹೋಗುವ ಸೋಮಸೂತ್ರಗಳು ಸಾವಿರ ವರ್ಷಕ್ಕೂ ಹಿಂದಿನವು. ಟಿಕೆಟಿಗಾಗಿ ಸರದಿ ನಿಲ್ಲುವ ಜಾಗವಲ್ಲ. ಆದರೆ ಭಾರತೀಯ ಪ್ರವಾಸಿಗೆ ಇದಕ್ಕಿಂತ ಹತ್ತಿರದ ತಾಣ ಥಾಯ್ ಕರಾವಳಿಯಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅನಿಸಿಕೆ.

ಈ ರಾಜ್ಯದ ಹೆಸರಾಂತ ಅರಸ ಚಂದ್ರಭಾನು. ಪಕ್ಕದ ಚೈಯಾದಲ್ಲಿ ದೊರೆತ 1230ರ ಸಂಸ್ಕೃತ ಶಾಸನ ಅವನನ್ನು ತಾಂಬ್ರಲಿಂಗದ ಒಡೆಯನೆಂದು ಹೊಗಳುತ್ತದೆ. 1247ರಲ್ಲಿ ಅವನು ಕಡಲು ದಾಟಿ ಶ್ರೀಲಂಕಾದ ಮೇಲೆ ಬಿದ್ದ. ನಾವೂ ಬುದ್ಧನ ಅನುಯಾಯಿಗಳೇ ಎಂದು ಹೇಳಿಕೊಂಡು ಬಂದರು, ಬಂದವರು ವಿಷದ ಬಾಣ ಬಿಟ್ಟರು ಎಂದು ಲಂಕೆಯ ಪಾಳಿ ಚರಿತ್ರೆ ದೂರುತ್ತದೆ. ಎರಡನೇ ಪರಾಕ್ರಮಬಾಹು ಅವನನ್ನು ಹಿಮ್ಮೆಟ್ಟಿಸಿದ. ಆದರೂ ಲಂಕೆಯ ಉತ್ತರ ಭಾಗದಲ್ಲಿ ಅವನ ಹಿಡಿತ ಕೆಲಕಾಲ ಉಳಿಯಿತು. 1262ರ ಆಸುಪಾಸಿನಲ್ಲಿ ಮತ್ತೆ ಯುದ್ಧವಾದಾಗ ಪಾಂಡ್ಯರ ಸೈನ್ಯ ಲಂಕೆಯ ಪರ ನಿಂತಿತು, ಚಂದ್ರಭಾನು ಸತ್ತ. ಆಗ್ನೇಯ ಏಷ್ಯಾದ ರಾಜನೊಬ್ಬ ದಕ್ಷಿಣ ಏಷ್ಯಾದ ಮೇಲೆ ನೌಕಾದಾಳಿ ಮಾಡಿದ ಉದಾಹರಣೆ ಇತಿಹಾಸದಲ್ಲಿ ತೀರಾ ಅಪರೂಪ.

ಮಹಾಧಾತು: ಲಂಕೆಯಿಂದ ಬಂದ ಧರ್ಮ

ತಮಾಷೆಯೆಂದರೆ, ಯಾವ ಲಂಕೆಯ ಮೇಲೆ ದಂಡೆತ್ತಿ ಹೋದರೋ ಅದೇ ಲಂಕೆಯಿಂದ ಈ ಊರು ತನ್ನ ಧರ್ಮವನ್ನು ಪಡೆಯಿತು. ಥೇರವಾದ ಅಂದರೆ ಪಾಳಿ ತ್ರಿಪಿಟಕವನ್ನೂ ಭಿಕ್ಷುಸಂಘದ ಕಟ್ಟುನಿಟ್ಟನ್ನೂ ಮುಖ್ಯವಾಗಿಟ್ಟುಕೊಂಡ ಬೌದ್ಧ ಶಾಖೆ. ಇವತ್ತು ಥಾಯ್ಲೆಂಡಿನ ಬಹುಪಾಲು ಜನರ ಧರ್ಮ ಅದೇ. ಲಂಕೆಯಲ್ಲಿ ಸುಧಾರಣೆಗೊಂಡ ಥೇರವಾದ ಥಾಯ್ ನೆಲಕ್ಕೆ ಹರಿದುಬಂದ ಮುಖ್ಯ ಕಾಲುವೆ ನಖೋನ್. ಉತ್ತರದ ಸುಖೋಥಾಯ್ ರಾಜ್ಯದ 1292ರ ಪ್ರಸಿದ್ಧ ಶಾಸನ, ನಮ್ಮೂರಿನ ಪಂಡಿತ ಸಂಘರಾಜ ಮತ್ತು ಹಿರಿಯ ಭಿಕ್ಷುಗಳು ಸಿ ತಮ್ಮರಾತ್‌ನಿಂದ ಬಂದವರು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ.

ಅದರ ಕಲ್ಲುಗಾರೆಯ ಸಾಕ್ಷಿ ಊರ ನಡುವೆ ನಿಂತಿರುವ ವಾತ್ ಫ್ರಾ ಮಹಾಧಾತು. ವಾತ್ ಎಂದರೆ ವಿಹಾರ. ಧಾತು ಎಂದರೆ ಇಲ್ಲಿ ಬುದ್ಧನ ಅಸ್ಥಿ ಅಥವಾ ಹಲ್ಲಿನಂಥ ಅವಶೇಷ. ಅದನ್ನು ಒಳಗಿಟ್ಟು ಕಟ್ಟಿದ ಗೋಪುರಕ್ಕೆ ಥಾಯ್‌ನಲ್ಲಿ ಚೇಡಿ, ನಮ್ಮ ಚೈತ್ಯ. ಲಂಕೆಯ ಶೈಲಿಯಲ್ಲಿ ಗಂಟೆ ಬೋರಲು ಹಾಕಿದ ಆಕಾರ, ಮೈಯೆಲ್ಲ ಬಿಳಿ, ತುದಿಗೆ ಚಿನ್ನದ ಹೊದಿಕೆ. ಸುತ್ತಲೂ ಗಿಜಿಗುಡುವಷ್ಟು ಪುಟ್ಟ ಚೇಡಿಗಳಿವೆ. ಅನುಕೂಲವಿದ್ದವರು ಪೂರ್ವಿಕರ ನೆನಪಿಗೆ ಕಟ್ಟಿಸಿದ್ದು ಅವು. ದೊಡ್ಡ ಚೇಡಿಯ ನೆರಳು ನೆಲಕ್ಕೆ ಬೀಳುವುದಿಲ್ಲ ಎಂದು ಊರವರು ಹೇಳುತ್ತಾರೆ. ಕೆಳಗೆ ಅಗಲವಾದ ಬುಡ ಮತ್ತು ಒತ್ತೊತ್ತಾದ ಕಟ್ಟಡಗಳಿರುವಾಗ ನೆರಳು ಅವುಗಳ ಮೇಲೇ ಬಿದ್ದು ಕಳೆದುಹೋಗುವುದು ಸಹಜ. ಹಾಗಂತ ಅಲ್ಲಿ ನಿಂತು ವಾದಿಸುವುದು ಬೇಡ.

ಸ್ಥಳಪುರಾಣದ ಪ್ರಕಾರ ಈ ಧಾತು ಬಂದದ್ದು ಭಾರತದಿಂದ. ಕಳಿಂಗದ ದಂತಪುರದ ಮೇಲೆ ಯುದ್ಧ ಬಂದಾಗ ಹೇಮಚಾಲಾ ಎಂಬ ರಾಜಕುಮಾರಿ ಮತ್ತು ದಂತಕುಮಾರ ಎಂಬ ರಾಜಕುಮಾರ ಬುದ್ಧನ ದಂತವನ್ನು ಬಚ್ಚಿಟ್ಟುಕೊಂಡು ಲಂಕೆಗೆ ಹೊರಟರು. ಹಡಗು ಒಡೆಯಿತು, ಅಲೆ ಅವರನ್ನು ಈ ಮರಳು ದಂಡೆಗೆ ಎಸೆಯಿತು, ಧಾತುವನ್ನು ಮರಳಲ್ಲಿ ಹೂತರು. ಮುಂದೆ ಶ್ರೀ ಧರ್ಮಾಶೋಕರಾಜ ಎಂಬ ಅರಸ ಅದೇ ಜಾಗದಲ್ಲಿ ಚೇಡಿ ಕಟ್ಟಿಸಿದ. ಇದೇ ಹಲ್ಲಿನ ಕಥೆ ಶ್ರೀಲಂಕಾದಲ್ಲೂ ಇದೆ. ಕ್ಯಾಂಡಿಯ ದಂತಮಂದಿರದ ಮೂಲಕಥೆಯೂ ದಂತಪುರದಿಂದಲೇ ಶುರುವಾಗುತ್ತದೆ.

ಒಳಗೆ ತಪ್ಪದೆ ನೋಡಬೇಕಾದ್ದು ಮೇಲಕ್ಕೆ ಹತ್ತುವ ಮೆಟ್ಟಿಲ ಮಂಟಪ. ಅದರ ಗೋಡೆಯಲ್ಲಿ ಸಿದ್ಧಾರ್ಥ ಕುದುರೆಯೇರಿ ಅರಮನೆ ಬಿಟ್ಟು ಹೊರಡುವ ದೃಶ್ಯ ಗಾರೆಯಲ್ಲಿ ಮೂಡಿದೆ. ಚೇಡಿಯ ಬುಡದ ಸುತ್ತ ಮಾಡು ಹೊದೆಸಿದ ಮೊಗಸಾಲೆಯಿದ್ದು, ಗೋಡೆಯೊಳಗಿಂದ ಆನೆಗಳ ತಲೆಗಳು ಹೊರಚಾಚಿವೆ. 2012ರಲ್ಲಿ ಈ ವಿಹಾರ ವಿಶ್ವ ಪರಂಪರೆಗಾಗಿ ಯುನೆಸ್ಕೋದ ಸಂಭಾವ್ಯ ಪಟ್ಟಿಗೆ ಸೇರಿತು.

ಫೆಬ್ರವರಿ–ಮಾರ್ಚ್‌ನ ಮಾಘ ಪೂಜೆಯ ಹುಣ್ಣಿಮೆಗೆ ಹೋದರೆ ಬಟ್ಟೆಯ ಮೆರವಣಿಗೆ ಸಿಗುತ್ತದೆ. ನೂರಾರು ಜನ ಸೇರಿ ಹೊತ್ತ ಉದ್ದನೆಯ ವಸ್ತ್ರವನ್ನು ಪೇಟೆಯಲ್ಲೆಲ್ಲ ತಂದು ಚೇಡಿಗೆ ಸುತ್ತುತ್ತಾರೆ. ಬುದ್ಧಚರಿತ್ರೆ ಬರೆದ ಇಂಥದೊಂದು ಬಟ್ಟೆ ಹಡಗೊಡೆದು ಇದೇ ಪ್ರಾಂತದ ಪಾಕ್ ಫನಾಂಗ್ ದಂಡೆಗೆ ತೇಲಿಬಂತು, ಅಂದಿನಿಂದ ಈ ಪದ್ಧತಿ ಎಂಬುದು ಕಥೆ. ಹಲ್ಲೂ ಹಡಗೊಡೆದು ಬಂತು, ಬಟ್ಟೆಯೂ ಹಡಗೊಡೆದೇ ಬಂತು. ಈ ಊರಿನ ಪುರಾಣದಲ್ಲಿ ಪವಿತ್ರವಾದದ್ದು ಬರುವುದೇ ಕಡಲಿನಿಂದ.

ರಾಜಧಾನಿ ಬದಿಗೆ ಸರಿದದ್ದು ಹೇಗೆ

ಏರುಕಾಲದಲ್ಲಿ ನಖೋನ್‌ಗೆ ಹನ್ನೆರಡು ಅಧೀನ ಪಟ್ಟಣಗಳಿದ್ದವು ಎಂದು ಇಲ್ಲಿಯ ಹಳೆಯ ವೃತ್ತಾಂತಗಳು ಹೇಳುತ್ತವೆ. ಒಂದೊಂದಕ್ಕೂ ವರ್ಷಚಕ್ರದ ಒಂದೊಂದು ಪ್ರಾಣಿಯ ಮುದ್ರೆ. ಆ ಪಟ್ಟಿಯಲ್ಲಿ ಈಗಿನ ಮಲೇಷ್ಯಾದ ಕೆಡಾ, ಕೆಲಂತಾನ್, ಪಹಾಂಗ್ ಕೂಡ ಇವೆ. ಪ್ರಾಂತದ ಇಂದಿನ ಲಾಂಛನದಲ್ಲೂ ಚೇಡಿಯ ಸುತ್ತ ಹನ್ನೆರಡು ಪ್ರಾಣಿಗಳಿವೆ.

ಆಮೇಲೆ ಅಯುತ್ಥಾಯ ಸಾಮ್ರಾಜ್ಯದ ಕೈಕೆಳಗೆ ಬಂತು. ಐರೋಪ್ಯ ವರ್ತಕರು ಇದನ್ನು ಲಿಗೋರ್ ಎಂದು ಕರೆದರು, ಡಚ್ಚರು ಕೋಠಿ ಹಾಕಿದರು. 1629ರಲ್ಲಿ ಇಲ್ಲಿಗೆ ಗವರ್ನರ್ ಆಗಿ ಬಂದವನು ಜಪಾನೀ ಯೋಧ ಯಮಾದಾ ನಾಗಮಸಾ. ಮರುವರ್ಷವೇ ಸತ್ತ, ವಿಷ ಹಾಕಿದರು ಎಂಬ ಮಾತಿದೆ. 1767ರಲ್ಲಿ ಬರ್ಮಾದವರು ಅಯುತ್ಥಾಯವನ್ನು ಸುಟ್ಟಾಗ ನಖೋನ್ ಸ್ವಲ್ಪ ಕಾಲ ಸ್ವತಂತ್ರವಾಯಿತು. 1769ರಲ್ಲಿ ರಾಜ ತಾಕ್ಸಿನ್ ಮತ್ತೆ ವಶಪಡಿಸಿಕೊಂಡ. 19ನೇ ಶತಮಾನದ ಮೊದಲ ಭಾಗದಲ್ಲಿ ಚಾವೊ ಫ್ರಾಯಾ ನಖೋನ್ (ನೋಯ್) ಎಂಬ ಗವರ್ನರ್, ತಾಕ್ಸಿನ್‌ನ ಮಗನೆಂದೇ ಪ್ರತೀತಿ ಇದ್ದವನು, 1821ರಲ್ಲಿ ಕೆಡಾದ ಮೇಲೆ ದಾಳಿ ಮಾಡಿ ಪಿನಾಂಗ್‌ನ ಬ್ರಿಟಿಷರ ನಿದ್ದೆಗೆಡಿಸಿದ.

ಇಳಿಕೆಗೆ ಕಾರಣ ಒಂದೇ ಅಲ್ಲ. ಮಲಯ ಸಂಸ್ಥಾನಗಳ ಮೇಲಿನ ಸಯಾಮಿನ, ಅಂದರೆ ಆಗಿನ ಥಾಯ್ಲೆಂಡಿನ, ಹಕ್ಕು 1909ರ ಒಪ್ಪಂದದಲ್ಲಿ ಬ್ರಿಟಿಷರ ಪಾಲಾಯಿತು. ಅದಕ್ಕೂ ಮುಂಚೆ ರಾಜ ಚುಲಾಲೊಂಗ್‌ಕೋರ್ನ್‌ನ ಆಡಳಿತ ಸುಧಾರಣೆಯಲ್ಲಿ ಗವರ್ನರ್ ಮನೆತನದ ಅಧಿಕಾರ ಹೋಗಿ ಬ್ಯಾಂಕಾಕ್‌ನ ಅಧಿಕಾರಿಗಳು ಬಂದಿದ್ದರು. ಕರಾವಳಿಗೆ ಹೂಳು ತುಂಬಿ ಕಡಲು ಊರಿನಿಂದ ದೂರವಾಗಿತ್ತು. ದೊಡ್ಡ ಉಗಿಹಡಗುಗಳಿಗೆ ಬೇಕಾದ ಆಳದ ಬಂದರು ಇಲ್ಲಿರಲಿಲ್ಲ. ಕೊನೆಗೆ ರೈಲು. ಮಲಯಕ್ಕೆ ಹೋಗುವ ಮುಖ್ಯ ಮಾರ್ಗ ಬೆಟ್ಟದಾಚೆಯ ತುಂಗ್ ಸೋಂಗ್ ಮೂಲಕ ಸಾಗಿತು, ನಖೋನ್‌ಗೆ ಸಿಕ್ಕಿದ್ದು ಸುಮಾರು 35 ಕಿ.ಮೀ. ಉದ್ದದ ಕವಲು ಹಳಿ. ಜಂಕ್ಷನ್ ಬಿದ್ದ ಹಾತ್ ಯಾಯ್ ಬೆಳೆದು ದಕ್ಷಿಣದ ದೊಡ್ಡ ಪೇಟೆಯಾಯಿತು. ಪ್ರವಾಸೋದ್ಯಮ ಬಂದಾಗ ವಿದೇಶಿಗರು ಹುಡುಕಿದ್ದು ದ್ವೀಪಗಳನ್ನು, ಅದರಲ್ಲೂ ಪಕ್ಕದ ಸಮುಯಿಯನ್ನು. ಚೇಡಿ ನೋಡಲು ಬರುವವರು ಇಂದಿಗೂ ಹೆಚ್ಚಾಗಿ ಥಾಯ್ ಜನರೇ.

ಅಲ್ಲಿಯ ಪಿತೃಪಕ್ಷ

ನಖೋನ್‌ನ ದೊಡ್ಡ ಹಬ್ಬ ಸಾತ್ ದೂಯೆನ್ ಸಿಪ್, ಹತ್ತನೇ ತಿಂಗಳ ಹಬ್ಬ. ಥಾಯ್ ಚಾಂದ್ರಮಾನದ ಹತ್ತನೇ ತಿಂಗಳ ಕೃಷ್ಣಪಕ್ಷ, ಅಂದರೆ ಸೆಪ್ಟೆಂಬರ್–ಅಕ್ಟೋಬರ್. ನಮ್ಮ ಪಿತೃಪಕ್ಷವೂ ಸಾಮಾನ್ಯವಾಗಿ ಅದೇ ಹದಿನೈದು ದಿನ. ಪಾಡ್ಯದಂದು ನರಕದ ಬಾಗಿಲು ತೆರೆದು ಸತ್ತವರನ್ನು ಮನೆಗೆ ಬಿಡುತ್ತಾರೆ, ಅಮಾವಾಸ್ಯೆಗೆ ಅವರು ಮರಳಬೇಕು ಎಂಬುದು ನಂಬಿಕೆ. ಹೀಗೆ ಬರುವವರನ್ನು ಅವರು ಕರೆಯುವುದು ಪ್ರೇತ್ ಎಂದೇ.

ಹದಿಮೂರನೇ ದಿನ ಪೇಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂದು ಹಬ್ಬದ ಸಾಮಾನು ಕೊಳ್ಳುವ ದಿನ. ಮರುದಿನ ದೊಡ್ಡ ತಟ್ಟೆ ಜೋಡಿಸುತ್ತಾರೆ: ತಳಕ್ಕೆ ಅಕ್ಕಿ, ಉಪ್ಪು, ಒಣಮೀನು, ದಿನಬಳಕೆಯ ಸಾಮಾನು, ಮೇಲೆ ಐದು ಬಗೆಯ ಸಿಹಿ. ಒಂದೊಂದು ಸಿಹಿಗೂ ಪರಲೋಕದಲ್ಲೊಂದು ಕೆಲಸ. ಉಬ್ಬಿದ ಖನೋಂ ಫೋಂಗ್ ನದಿ ದಾಟಲು ತೆಪ್ಪ. ಖನೋಂ ಕೋಂಗ್ ಒಡವೆ. ತೂತಿರುವ ಖನೋಂ ದೀಸಾಂ ಖರ್ಚಿಗೆ ಕಾಸು. ಖನೋಂ ಬಾ ಹೊಸವರ್ಷಕ್ಕೆ ಆಡಲು ಆಟದ ಕಾಯಿ. ಸತ್ತವರೂ ಆಡಬೇಕಲ್ಲ! ಇವುಗಳಲ್ಲಿ ಸೊಗಸಾದದ್ದು ಖನೋಂ ಲಾ. ಅಕ್ಕಿಹಿಟ್ಟಿನ ಸಕ್ಕರೆ ಬೆರೆತ ಹಿಟ್ಟನ್ನು ಸಣ್ಣ ತೂತುಗಳ ಪಾತ್ರೆಯಿಂದ ಬಿಸಿ ಬಾಣಲೆಯ ಮೇಲೆ ನೂಲಿನಂತೆ ಸುತ್ತುತ್ತಾ ಬಿಟ್ಟರೆ ಬಲೆಯಂಥ ತೆಳ್ಳನೆಯ ಹಾಳೆ ಏಳುತ್ತದೆ. ಅದು ಸತ್ತವರಿಗೆ ಉಡುಗೆ. ಪ್ರೇತದ ಬಾಯಿ ಸೂಜಿಕಣ್ಣಿನಷ್ಟೇ ಇರುವುದರಿಂದ ನೂಲಿನಂಥದ್ದನ್ನೇ ತಿನ್ನಲು ಸಾಧ್ಯ ಎಂದೂ ಹೇಳುತ್ತಾರೆ.

ಕೊನೆಯ ದಿನ ವಿಹಾರದಲ್ಲಿ ಎತ್ತರದ ಅಟ್ಟಣೆಯ ಮೇಲೆ ಎಡೆ ಇಡುತ್ತಾರೆ. ಪ್ರೇತಗಳು ಉಂಡಾದ ಮೇಲೆ ಉಳಿದದ್ದಕ್ಕೆ ಮಕ್ಕಳು ದೊಡ್ಡವರೆನ್ನದೆ ಮುಗಿಬೀಳುತ್ತಾರೆ. ಸಿಕ್ಕಿದ್ದನ್ನು ತಿಂದರೆ ಒಳ್ಳೆಯದಂತೆ. ಶ್ರಾದ್ಧದ ಗಾಂಭೀರ್ಯಕ್ಕೆ ಒಗ್ಗಿದ ನಮಗೆ ಆ ಗದ್ದಲ ವಿಚಿತ್ರ ಅನ್ನಿಸೀತು. ಬ್ಯಾಂಕಾಕ್‌ನಲ್ಲಿ ದುಡಿಯುವ ಮಕ್ಕಳು ಈ ಹಬ್ಬಕ್ಕೆ ತಪ್ಪದೆ ಊರಿಗೆ ಬರುತ್ತಾರೆ.

ರಾಚದಮ್ನೋನ್ ರಸ್ತೆಯಲ್ಲಿ ಎದುರುಬದುರಾಗಿ ಎರಡು ಪುಟ್ಟ ಗುಡಿಗಳಿವೆ, ಒಂದು ಫ್ರಾ ಇಸುವಾನ್, ಅಂದರೆ ಈಶ್ವರನದು, ಇನ್ನೊಂದು ಫ್ರಾ ನಾರಾಯ್, ನಾರಾಯಣನದು. ಈಶ್ವರನ ಗುಡಿಯ ಪಕ್ಕದಲ್ಲಿ ಬ್ಯಾಂಕಾಕ್‌ನಲ್ಲಿರುವಂಥದೇ ಉಯ್ಯಾಲೆ ಕಂಬ. ರಾಜವಿಧಿಗಳನ್ನು ನಡೆಸಿಕೊಡುತ್ತಿದ್ದ ಬ್ರಾಹ್ಮಣ ಮನೆತನಗಳು ಇಲ್ಲಿ ಬಹುಕಾಲ ಇದ್ದವು. ಕರಾವಳಿಯ ಹಳ್ಳಿಗಳಲ್ಲಿ, ಅದರಲ್ಲೂ ತಾ ಸಾಲಾ ಕಡೆ, ಮುಸ್ಲಿಂ ಮೀನುಗಾರರ ಸಂಖ್ಯೆ ದೊಡ್ಡದು.

ಕಿಳ್ಳೇಕ್ಯಾತನ ದೂರದ ನೆಂಟರು

ತೊಗಲುಗೊಂಬೆ ಆಟ ನೋಡಿದವರು ನಖೋನ್‌ನ ನಂಗ್ ತಲುಂಗ್ ಮುಂದೆ ಕೂತರೆ ಅರ್ಧಕ್ಕಿಂತ ಹೆಚ್ಚು ತಾವಾಗಿಯೇ ತಿಳಿದುಕೊಳ್ಳುತ್ತಾರೆ. ಬಿಳಿ ಪರದೆ, ಹಿಂದೆ ದೀಪ, ಚರ್ಮದಲ್ಲಿ ಕೊರೆದ ಗೊಂಬೆ. ನಾಯ್ ನಂಗ್ ಎಂಬ ಒಬ್ಬನೇ ಕಲಾವಿದ ಎಲ್ಲ ಗೊಂಬೆಗಳನ್ನೂ ಆಡಿಸುತ್ತಾನೆ, ಎಲ್ಲರ ಮಾತೂ ಅವನದೇ, ಹಾಡೂ ಅವನದೇ. ಹಿಂದೆ ಜೋಡಿ ಮದ್ದಳೆ, ಗಂಟೆ, ತಾಳ, ಓಲಗದಂಥ ಪೀ. ಆಟ ಶುರುವಾಗುವುದು ಋಷಿಯ ಗೊಂಬೆಯಿಂದ. ಬಳಿಕ ಎತ್ತಿನ ಮೇಲೆ ಕೂತ ಈಶ್ವರ ಬರುತ್ತಾನೆ. ಆಮೇಲೆ ಗುರುಹಿರಿಯರ ವಂದನೆ. ಹಿಂದೆ ರಾಮಾಯಣದ ಥಾಯ್ ರೂಪ ಆಡುತ್ತಿದ್ದರು. ಈಗ ರಾಜಕುಮಾರರ ಸಾಹಸ, ಕುಟುಂಬದ ಕಥೆ, ಚುನಾವಣೆ ಎಲ್ಲವೂ ಬರುತ್ತದೆ.

ಜನ ಕಾಯುವುದು ಮಾತ್ರ ತೇಂಗ್ ಮತ್ತು ನೂ ನುಯ್ ಎಂಬ ಹಾಸ್ಯಗಾರರಿಗೆ. ಮೈ ಕಪ್ಪು, ಎದೆ ಬರಿದು, ಸೊಂಟಕ್ಕೆ ಲುಂಗಿ, ಸೊಟ್ಟ ಮೂತಿ. ದೇವರು ರಾಜರು ಗಂಭೀರ ಭಾಷೆ ಆಡಿದರೆ ಇವರದ್ದು ಅಪ್ಪಟ ದಕ್ಷಿಣದ ಆಡುಮಾತು. ಪೊಲೀಸಪ್ಪನಿಂದ ಪ್ರಧಾನಿಯವರೆಗೆ ಯಾರನ್ನೂ ಬಿಡುವುದಿಲ್ಲ. ನಮ್ಮ ಕಿಳ್ಳೇಕ್ಯಾತನ ಕೆಲಸವೂ ಇದೇ ಅಲ್ಲವೇ? ಯಾರಿಂದ ಯಾರಿಗೆ ಹೋಯಿತು ಎಂಬ ಚರ್ಚೆ ವಿದ್ವಾಂಸರಿಗಿರಲಿ; ಭಾರತದ ದಕ್ಷಿಣದಿಂದ ಜಾವಾದವರೆಗೆ ಹಬ್ಬಿದ ಒಂದೇ ಕುಟುಂಬದ ಕಲೆ ಇದು ಎಂಬುದು ಕಣ್ಣಿಗೇ ಕಾಣುತ್ತದೆ. ರಾಷ್ಟ್ರೀಯ ಕಲಾವಿದ ಗೌರವ ಪಡೆದಿದ್ದ ಸುಚಾತ್ ಸಪ್‌ಸಿನ್ ಅವರು ತಮ್ಮ ಮನೆಯನ್ನೇ ಗೊಂಬೆಗಳ ವಸ್ತುಸಂಗ್ರಹಾಲಯ ಮಾಡಿದ್ದು ಹಳೆಯ ಪೇಟೆಯಲ್ಲಿದೆ. ಗೊಂಬೆ ಕೆತ್ತುವುದನ್ನೂ ಅಲ್ಲಿ ತೋರಿಸುತ್ತಾರೆ.

ಇದರ ಜೊತೆಗಿನ ಇನ್ನೊಂದು ಕಲೆ ನೋರಾ. ಮಣಿ ಪೋಣಿಸಿದ ಅಂಗಿ, ಹಕ್ಕಿಯ ಬಾಲ, ಬೆರಳಿಗೆ ಬಾಗಿದ ಉದ್ದನೆಯ ಲೋಹದ ಉಗುರು ತೊಟ್ಟು ಕುಣಿಯುವ ನೃತ್ಯನಾಟಕ, ಮೂಲಕಥೆ ಮನೋಹರಾ ಎಂಬ ಕಿನ್ನರಿಯದು. ಯುನೆಸ್ಕೋ 2021ರಲ್ಲಿ ಇದನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕೈಕೆಲಸದಲ್ಲಿ ಎರಡು ಪ್ರಸಿದ್ಧ: ಬೆಳ್ಳಿಯಲ್ಲಿ ಚಿತ್ತಾರ ಕೊರೆದು ತಗ್ಗಿಗೆ ಸೀಸ, ತಾಮ್ರ, ಬೆಳ್ಳಿ, ಗಂಧಕದ ಕಪ್ಪು ಪಾಕ ಕರಗಿಸಿ ತುಂಬುವ ಖ್ರೂಯೆಂಗ್ ತೋಮ್, ಮತ್ತು ಯಾನ್ ಲಿಫಾವ್ ಎಂಬ ಜರಿಗಿಡದ ಬಳ್ಳಿ ಸೀಳಿ ಹೆಣೆಯುವ ಕೈಚೀಲಗಳು.

ತಾಯಿತದ ಹುಚ್ಚು, ಹುಂಜಗಳ ಹರಕೆ

2006–07ರಲ್ಲಿ ಇಡೀ ಥಾಯ್ಲೆಂಡಿಗೆ ನಖೋನ್‌ನ ಹುಚ್ಚು ಹಿಡಿದಿತ್ತು. ಕಾರಣ ಚಾತುಖಾಮ್ ರಾಮತೇಪ್ ಎಂಬ ದುಂಡನೆಯ ತಾಯಿತ. ಮಹಾಧಾತುವಿನ ಕಾವಲು ದೇವರುಗಳೆಂದು ನಂಬುವ ಈ ಹೆಸರಿನ ತಾಯಿತವನ್ನು 1987ರಲ್ಲಿ ನಗರಸ್ತಂಭದ ಗುಡಿ ಕಟ್ಟುವಾಗ ಮೊದಲು ಮಾಡಿದ್ದರು. ಅದರ ಹಿಂದಿದ್ದ ಹೆಸರಾಂತ ಪೊಲೀಸ್ ಅಧಿಕಾರಿ ಖುನ್ ಫಂತರಕ್ ತುಂಬು ವಯಸ್ಸಿನಲ್ಲಿ 2006ರಲ್ಲಿ ತೀರಿಕೊಂಡ ಮೇಲೆ ಬೇಡಿಕೆ ಗಗನಕ್ಕೇರಿತು. ಜನ ವಿಮಾನ ಹತ್ತಿ ಬಂದು ಕೊಂಡರು, ವಿಹಾರಗಳು ಹೊಸಹೊಸ ಕಂತು ಬಿಡುಗಡೆ ಮಾಡಿದವು, ನೂಕುನುಗ್ಗಲಿನಲ್ಲಿ ಸಾವೂ ಆಯಿತು. ವರ್ಷ ತುಂಬುವಷ್ಟರಲ್ಲಿ ಬೆಲೆ ಕುಸಿಯಿತು. ಚಾತುಖಾಮ್ ಎಂಬುದು ಶ್ರೀಲಂಕಾದ ಕದಿರ್ಗಾಮದ ದೇವರು, ಅಂದರೆ ನಮ್ಮ ಸುಬ್ರಹ್ಮಣ್ಯನೇ ಎನ್ನುವವರಿದ್ದಾರೆ.

ಈಗಿನ ಸರದಿ ಸಿಚೋನ್‌ನ ವಾತ್ ಚೇಡಿಯಲ್ಲಿರುವ ಆಯ್ ಖಾಯ್ ಎಂಬ ಬಾಲಕನ ಆತ್ಮದ್ದು. ಅಂದುಕೊಂಡದ್ದು ಆದರೆ ಹುಂಜದ ಪ್ರತಿಮೆ ಕೊಡುತ್ತಾರೆ, ಪಟಾಕಿ ಸರ ಹೊಡೆಸುತ್ತಾರೆ. ದಾರಿಯುದ್ದಕ್ಕೂ ಮನೆಯೆತ್ತರದ ಬಣ್ಣಬಣ್ಣದ ಹುಂಜಗಳು, ಗುಡ್ಡೆ ಬಿದ್ದ ಕೆಂಪು ಪಟಾಕಿ ಕಾಗದ. ಲಾಟರಿ ಹೊಡೆಯಲಿ ಎಂಬ ಹರಕೆಯೇ ಹೆಚ್ಚು. ನೋಡಲು ಮಜವಾಗಿದೆ, ಕಿವಿಗೆ ಹತ್ತಿ ಇರಲಿ.

1962 ಮತ್ತು 1988

ಈಶಾನ್ಯ ಮಾರುತ ವ್ಯಾಪಾರಿಗಳನ್ನಷ್ಟೇ ತರಲಿಲ್ಲ. 1962ರ ಅಕ್ಟೋಬರ್ 25ರ ರಾತ್ರಿ ಹ್ಯಾರಿಯೆಟ್ ಚಂಡಮಾರುತ ಪಾಕ್ ಫನಾಂಗ್‌ನ ತಲುಂಫುಕ್ ಭೂಶಿರಕ್ಕೆ ಅಪ್ಪಳಿಸಿತು. ಕಡಲಿಗೆ ಚಾಚಿದ ಆ ಮರಳುನಾಲಿಗೆಯ ಮೇಲಿದ್ದ ಹಳ್ಳಿಗಳು ಅಲೆಗೆ ಕೊಚ್ಚಿಹೋದವು. ಸುಮಾರು 900 ಜನ ಸತ್ತರು. ನಿರಾಶ್ರಿತರ ನೆರವಿಗೆ ಬಂದ ಹಣದಿಂದ ಮರುವರ್ಷ ರಾಜಾಶ್ರಯದ ರಾಚಪ್ರಚಾನುಖ್ರೊ ಪ್ರತಿಷ್ಠಾನ ಹುಟ್ಟಿತು. ಇಂದಿಗೂ ಥಾಯ್ಲೆಂಡಿನಲ್ಲಿ ವಿಕೋಪ ಪರಿಹಾರದ ಮುಖ್ಯ ಸಂಸ್ಥೆಗಳಲ್ಲಿ ಅದೂ ಒಂದು.

ಎರಡನೆಯದು ಬೆಟ್ಟದಿಂದ ಬಂತು. 1988ರ ನವೆಂಬರ್‌ನಲ್ಲಿ ದಿನಗಟ್ಟಲೆ ಸುರಿದ ಮಳೆಗೆ ಖಾವೊ ಲುವಾಂಗ್ ಸಾಲಿನ ಇಳಿಜಾರುಗಳು ಕುಸಿದವು. ಕಾಡು ಕಡಿದು ರಬ್ಬರ್ ನೆಟ್ಟ ಕಡಿದಾದ ಜಾಗಗಳವು. ಎಳೆಯ ರಬ್ಬರಿನ ಬೇರು ಮೇಲುಮಣ್ಣನ್ನು ಹಿಡಿದಿಡಲಿಲ್ಲ. ಮಣ್ಣು, ಬಂಡೆ, ಕಡಿದಿಟ್ಟ ದಿಮ್ಮಿಗಳು ಒಟ್ಟಾಗಿ ಫಿಪೂನ್ ತಾಲ್ಲೂಕಿನ ಕತೂನ್ ಹಳ್ಳಿಯ ಮೇಲೆ ಬಂದವು. ನೂರಾರು ಜನ ಹೋದರು. ಜನರ ಸಿಟ್ಟು ಎಷ್ಟಿತ್ತೆಂದರೆ 1989ರ ಜನವರಿಯಲ್ಲಿ ಸರ್ಕಾರ ಇಡೀ ದೇಶದಲ್ಲಿ ನೈಸರ್ಗಿಕ ಕಾಡು ಕಡಿಯುವ ಗುತ್ತಿಗೆಗಳನ್ನು ರದ್ದು ಮಾಡಿತು. ಹಳ್ಳಿಯಿದ್ದ ಕಣಿವೆಯಲ್ಲಿ ಈಗ ಜಲಾಶಯವಿದೆ. ನಮ್ಮ ಮಲೆನಾಡು, ಕೊಡಗು, ವಯನಾಡಿನ ಭೂಕುಸಿತಗಳನ್ನು ಕಂಡವರಿಗೆ ಈ ಸರಪಳಿಯನ್ನು ಬಿಡಿಸಿ ಹೇಳಬೇಕಿಲ್ಲ.

ಅದೇ ವರ್ಷ ಪೆಟ್ಟು ತಿಂದ ಇನ್ನೊಂದು ಹಳ್ಳಿ ಖಿರಿವೋಂಗ್. ಮ್ಯಾಂಗೊಸ್ಟೀನ್, ಡೂರಿಯನ್ ಬೆರೆತ ಕಾಡುತೋಟ, ಗಿಡದ ಬಣ್ಣ ಹಚ್ಚಿದ ಬಟ್ಟೆ, ಹಳ್ಳದ ದಂಡೆಯ ಹೋಂಸ್ಟೇಗಳಿಂದ ಅದು ಈಗ ಥಾಯ್ ಪ್ರವಾಸಿಗರ ಮೆಚ್ಚಿನ ಜಾಗ.

ಹೋಗುವುದಾದರೆ

ಸಮಯದ ಲೆಕ್ಕ ಮೊದಲು. ಫುಕೆಟ್, ಕ್ರಾಬಿ ಇರುವ ಪಶ್ಚಿಮ ದಂಡೆಗೆ ಮೇಯಿಂದ ಅಕ್ಟೋಬರ್ ಮಳೆಗಾಲ. ನಖೋನ್‌ಗೆ ಜೋರು ಮಳೆ ನವೆಂಬರ್, ಡಿಸೆಂಬರ್‌ನಲ್ಲಿ. ಕ್ರಿಸ್‌ಮಸ್ ರಜೆಗೆ ಟಿಕೆಟ್ ತೆಗೆಯುವವರು ಇದನ್ನು ನೆನಪಿಡಬೇಕು. ಫೆಬ್ರವರಿಯಿಂದ ಏಪ್ರಿಲ್ ಹಿತ. ಫುಕೆಟ್ ತೊಯ್ಯುವ ಜೂನ್, ಜುಲೈನಲ್ಲೂ ಇಲ್ಲಿ ಸಾಮಾನ್ಯವಾಗಿ ಓಡಾಡಬಹುದು.

ಬ್ಯಾಂಕಾಕ್‌ನ ಡಾನ್ ಮುವಾಂಗ್‌ನಿಂದ ವಿಮಾನದಲ್ಲಿ ಒಂದು ಗಂಟೆ ಚಿಲ್ಲರೆ. ರಾತ್ರಿ ರೈಲೂ ಇದೆ, ಮಲಗಿಕೊಂಡು ಹೋಗಬಹುದು. ಸಮುಯಿ ದ್ವೀಪದಿಂದಾದರೆ ಡೋನ್ ಸಾಕ್‌ಗೆ ಫೆರಿ, ಅಲ್ಲಿಂದ ರಸ್ತೆಯಲ್ಲಿ ಖನೋಮ್. ಖನೋಮ್ ನಖೋನ್‌ನ ಸೊಗಸಾದ ಬೀಚು. ಬೆಳಿಗ್ಗೆ ದೋಣಿಯಲ್ಲಿ ಹೋದರೆ ಗುಲಾಬಿ ಬಣ್ಣದ ಡಾಲ್ಫಿನ್ ಕಾಣುವ ಸಾಧ್ಯತೆ ಇದೆ. ಊರೊಳಗೆ ಸುತ್ತಲು ಹಿಂದೆ ಎರಡು ಬೆಂಚು ಹಾಕಿದ ಪಿಕಪ್, ಸೋಂಗ್‌ತೇವ್, ಸಾಕು. ಮಹಾಧಾತುವಿಗೆ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಅದೇ ರಸ್ತೆಯಲ್ಲಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಹಳೆಯ ವಿಷ್ಣು ಮೂರ್ತಿಗಳು, ಕಂಚಿನ ನಗಾರಿಗಳಿವೆ.

ಊಟ ಖಾರ. ಹುದುಗು ಬರಿಸಿದ ಅಕ್ಕಿ ಶಾವಿಗೆ ಖನೋಂ ಚೀನ್ ಇಲ್ಲಿಯ ಬೆಳಗಿನ ತಿಂಡಿ. ಮೇಲೆ ಮೀನಿನ ಸಾರು, ಪಕ್ಕದಲ್ಲಿ ಬುಟ್ಟಿ ತುಂಬ ಹಸಿ ಸೊಪ್ಪು ತರಕಾರಿ. ಪಾಕ್ ಫನಾಂಗ್‌ನ ಕೆಂಪು ತೊಳೆಯ ಚಕ್ಕೋತ ಸಿಕ್ಕರೆ ಬಿಡಬೇಡಿ. ಸಸ್ಯಾಹಾರಿಗಳು ತರಕಾರಿ ಪಲ್ಯವನ್ನೂ ನಂಬುವಂತಿಲ್ಲ, ಮೀನಿನ ರಸ, ಸಿಗಡಿ ಪೇಸ್ಟು ಎಲ್ಲದರಲ್ಲೂ ಇರುತ್ತದೆ. ಹಳದಿ ಬಾವುಟದಲ್ಲಿ ಕೆಂಪು ಅಕ್ಷರದ ‘ಜೇ’ ಬೋರ್ಡು ಹುಡುಕಿ. ಅಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ಇಲ್ಲ.

ವೀಸಾ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ಮುನ್ನ ರಾಯಭಾರ ಕಚೇರಿಯ ಜಾಲತಾಣ ನೋಡಿಕೊಳ್ಳಿ. 2025ರ ಮೇ 1ರಿಂದ ವಿದೇಶಿಗರೆಲ್ಲ ಆನ್‌ಲೈನ್ ಆಗಮನ ಪತ್ರ ತುಂಬಬೇಕು. ಅದು ಉಚಿತ, ದುಡ್ಡು ಕೇಳುವ ಜಾಲತಾಣ ಸರ್ಕಾರದ್ದಲ್ಲ.